ಮುಖ ನಿಲ್ಲಲಿ, ಜಡೆ ಹಾರಲಿ: ಸ್ಟುಡಿಯೊ ಲೈಟಿನಲ್ಲಿ ಚಲನೆ ಹಿಡಿಯುವ ಬಗೆ

ಭರತನಾಟ್ಯ ರಂಗಪ್ರವೇಶದ ಆಹ್ವಾನ ಪತ್ರಿಕೆಗೆ ಫೋಟೊ ತೆಗೆಸಿಕೊಳ್ಳಲು ಬರುವ ಹುಡುಗಿಯರು ಹೆಚ್ಚಾಗಿ ಒಂದೇ ಭಂಗಿಯಲ್ಲಿ ನಿಲ್ಲುತ್ತಾರೆ. ಮಂಡಿ ಅರ್ಧ ಬಗ್ಗಿಸಿದ ಅರೆಮಂಡಿ, ಒಂದು ಕೈಯಲ್ಲಿ ಅರಳಿದ ಕಮಲದ ಮುದ್ರೆ ಅಲಪದ್ಮ, ಕಣ್ಣು ಪಕ್ಕಕ್ಕೆ. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಹತ್ತು ವರ್ಷ ಗೆಜ್ಜೆ ಕಟ್ಟಿ ಕುಣಿದ ಹುಡುಗಿ ಅದರಲ್ಲಿ ಕಾಣುವುದಿಲ್ಲ. ಜಡೆ ಬೆನ್ನ ಮೇಲೆ ಸುಮ್ನೆ ಮಲಗಿರುತ್ತದೆ. ಅವಳು ಒಂದು ಸುತ್ತು ತಿರುಗಿದರೆ ಅದೇ ಜಡೆ ಎಲ್ಲಿಗೆ ಹೋಗುತ್ತದೆ, ಕುಚ್ಚು ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದನ್ನು ನೋಡಿದವರಿಗೆ ಆ ನಿಂತ ಫೋಟೊ ಸಾಲುವುದಿಲ್ಲ.

ಚಲನೆಯಿರುವ ಪೋರ್ಟ್ರೇಟ್ ತೆಗೆಯಲು ದೊಡ್ಡ ಸ್ಟುಡಿಯೊ ಬೇಕಿಲ್ಲ. ಇಪ್ಪತ್ತು ಅಡಿ ಉದ್ದದ ಕೋಣೆ, ಎರಡು ಫ್ಲ್ಯಾಶ್, ಒಂದು ಹ್ಯಾಲೊಜೆನ್ ಲೈಟು, ಕಪ್ಪು ಬಟ್ಟೆ ಇದ್ದರೆ ಕೆಲಸ ಶುರು ಮಾಡಬಹುದು. ಕಿಟಕಿ ಪೂರ್ತಿ ಮುಚ್ಚುವಂತಿರಬೇಕು, ಅಷ್ಟೆ. ಅದು ಯಾಕೆ ಅಂತ ಮೊದಲು ಹೇಳುತ್ತೇನೆ, ಉಳಿದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ.

ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್

ಹೊರಗೆ ಬಿಸಿಲಿನಲ್ಲಿ ಓಡುವ ಮಗುವಿನ ಫೋಟೊ ತೆಗೆಯುವಾಗ ಶಟರ್ 1/2000 ಸೆಕೆಂಡಿಗೆ ಇಡುತ್ತೇವೆ. ಸ್ಟುಡಿಯೊದಲ್ಲಿ ಅದು ಆಗದು. ಹೆಚ್ಚಿನ ಕ್ಯಾಮೆರಾಗಳು ಫ್ಲ್ಯಾಶ್ ಜೊತೆ 1/200 ಅಥವಾ 1/250ರ ತನಕ ಮಾತ್ರ ಹೋಗುತ್ತವೆ. ಅದನ್ನು ದಾಟಿದರೆ ಫೋಟೊದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ಹಾಗಾದರೆ 1/200ರಲ್ಲಿ ಹಾರುವ ಜಡೆಯನ್ನು ಹೇಗೆ ನಿಲ್ಲಿಸುವುದು?

ಕೋಣೆಯನ್ನು ಕತ್ತಲು ಮಾಡಿ. ಕತ್ತಲಲ್ಲಿ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಸೆನ್ಸರ್‌ಗೆ ಏನೂ ಕಾಣುವುದಿಲ್ಲ. ಫ್ಲ್ಯಾಶ್ ಮಿಂಚಿದ ಆ ಕ್ಷಣ ಮಾತ್ರ ಕಾಣುತ್ತದೆ. ಫ್ಲ್ಯಾಶ್ 1/3000 ಸೆಕೆಂಡ್ ಉರಿದರೆ ನಿಮ್ಮ ಫೋಟೊದ ವೇಗವೂ 1/3000. ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್ ಹಾಲಿನ ಹನಿ ಬಿದ್ದು ಕಿರೀಟದಂತೆ ಎದ್ದುದನ್ನು 1957ರಲ್ಲಿ, ಸೇಬಿನ ಹಣ್ಣು ಸೀಳಿ ಹೊರಬಂದ ಗುಂಡನ್ನು 1964ರಲ್ಲಿ ಹಿಡಿದದ್ದು ಹೀಗೆಯೇ: ಕತ್ತಲೆ, ಮತ್ತು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕದಾದ ಒಂದು ಮಿಂಚು.

ಕೋಣೆ ಸಾಕಷ್ಟು ಕತ್ತಲಾಗಿದೆಯೇ ಅಂತ ನೋಡುವುದು ಸುಲಭ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿಟ್ಟು ಐಎಸ್‌ಒ 400 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/200 ಮಾಡಿ. ಫ್ಲ್ಯಾಶ್ ಉರಿಸುವ ಟ್ರಿಗರ್ ಆಫ್ ಮಾಡಿ ಒಂದು ಫೋಟೊ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಬಳೆಯ ಹೊಳಪೋ, ಕಿಟಕಿಯ ಸಂದಿನ ಬೆಳಕೋ ಮಸುಕಾಗಿ ಕಂಡರೂ ಅದನ್ನು ಮುಚ್ಚಿ. ಟ್ಯೂಬ್‌ಲೈಟ್ ಆರಿಸಿ. ಸ್ಟುಡಿಯೊ ಫ್ಲ್ಯಾಶ್ ಒಳಗೆ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪನ್ನು ಕಡಿಮೆ ಮಾಡಿ, ಆದರೆ ಪೂರ್ತಿ ಆರಿಸಬೇಡಿ. ಕುಣಿಯುವವರಿಗೆ ನೆಲ ಕಾಣಬೇಕು.

ಸ್ವಲ್ಪ ಲೆಕ್ಕ ಮಾಡೋಣ. ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿತು ಅಂತಿಟ್ಟುಕೊಳ್ಳಿ. 1/200 ಸೆಕೆಂಡಿನಲ್ಲಿ ಅದು 25 ಮಿಲಿಮೀಟರ್ ಸರಿದಿರುತ್ತದೆ. ಅಂದರೆ ಒಂದು ಬೆರಳಿನ ಜಾಗದಲ್ಲಿ ಎರಡು ಬೆರಳು. 1/1000ದಲ್ಲಿ 5 ಮಿಲಿಮೀಟರ್. 1/5000ದಲ್ಲಿ ಒಂದೇ ಮಿಲಿಮೀಟರ್, ಪ್ರಿಂಟಿನಲ್ಲಿ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮುದ್ರೆ ಹಿಡಿದ ಬೆರಳು ಬಿಡಿಬಿಡಿಯಾಗಿ ಕಾಣಬೇಕಾದರೆ ನಮಗೆ ಬೇಕಾದದ್ದು ಈ ಕೊನೆಯದರ ಹತ್ತಿರದ ವೇಗ.

ನಿಮ್ಮ ಫ್ಲ್ಯಾಶ್ ಎಷ್ಟು ಚುರುಕು? ಫ್ಯಾನ್ ಹೇಳುತ್ತದೆ

ಇಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಪವರ್ ಕಡಿಮೆ ಮಾಡಿದರೆ ಫ್ಲ್ಯಾಶ್ ಚುರುಕಾಗುತ್ತದೆ ಅಂತ ಎಲ್ಲೋ ಓದಿ, ಹಳೆಯ ಮೊನೊಲೈಟನ್ನು (ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಸ್ಟುಡಿಯೊ ಫ್ಲ್ಯಾಶ್) ಕನಿಷ್ಠಕ್ಕೆ ಇಳಿಸಿ ಒಂದಿಡೀ ಮಧ್ಯಾಹ್ನ ಫೋಟೊ ತೆಗೆದೆ. ಕ್ಯಾಮೆರಾದ ಹಿಂದಿನ ಚಿಕ್ಕ ಪರದೆಯಲ್ಲಿ ಎಲ್ಲ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದು ಫ್ರೇಮಿನಲ್ಲೂ ಬೆರಳ ತುದಿ ಸ್ಪಷ್ಟವಿರಲಿಲ್ಲ. ಆ ಹುಡುಗಿಯನ್ನು ಮತ್ತೆ ಮೇಕಪ್ ಮಾಡಿಸಿಕೊಂಡು ಬರಲು ಹೇಳಬೇಕಾಯಿತು.

ವಿಷಯ ಇಷ್ಟು. ಫ್ಲ್ಯಾಶ್‌ಗಳಲ್ಲಿ ಎರಡು ಜಾತಿ ಇವೆ. ಹಳೆಯ ಬಗೆಯ ಮೊನೊಲೈಟುಗಳು ಒಳಗಿನ ವೋಲ್ಟೇಜ್ ಇಳಿಸಿ ಪವರ್ ಕಡಿಮೆ ಮಾಡುತ್ತವೆ. ಇವು ಕಡಿಮೆ ಪವರ್‌ನಲ್ಲಿ ಇನ್ನೂ ನಿಧಾನವಾಗುತ್ತವೆ. ಕ್ಯಾಮೆರಾ ಮೇಲೆ ಕೂರಿಸುವ ಸ್ಪೀಡ್‌ಲೈಟುಗಳು ಮತ್ತು ಐಜಿಬಿಟಿ ಎಂಬ ಚುರುಕು ಸ್ವಿಚ್ ಇರುವ ಹೊಸ ಮೊನೊಲೈಟುಗಳು ಮಿಂಚನ್ನು ನಡುವೆಯೇ ಕತ್ತರಿಸಿ ನಿಲ್ಲಿಸುತ್ತವೆ. ಇವು ಕಡಿಮೆ ಪವರ್‌ನಲ್ಲಿ ಚುರುಕಾಗುತ್ತವೆ. ಹಾಗಾಗಿ ಮನೆಯಲ್ಲಿರುವ ಸಾಧಾರಣ ಸ್ಪೀಡ್‌ಲೈಟ್ 1/16 ಪವರ್‌ನಲ್ಲಿ ಎಷ್ಟೋ ದೊಡ್ಡ ಸ್ಟುಡಿಯೊ ಲೈಟಿಗಿಂತ ಚೆನ್ನಾಗಿ ಚಲನೆ ನಿಲ್ಲಿಸುತ್ತದೆ. ಬೆಳಕು ಸಾಲದಿದ್ದರೆ ಎರಡು ಮೂರು ಸ್ಪೀಡ್‌ಲೈಟುಗಳನ್ನು ಒಂದೇ ಛತ್ರಿಯೊಳಗೆ ಕಟ್ಟಿ, ಎಲ್ಲವನ್ನೂ 1/16ರಲ್ಲೇ ಉರಿಸಿ.

ಡಬ್ಬದ ಮೇಲೆ ಬರೆದಿರುವ ಸಂಖ್ಯೆಯನ್ನೂ ನೋಡಿ ನಂಬಬೇಕು. ಟಿ 0.5 ಅಂದರೆ ಮಿಂಚು ತನ್ನ ಶಿಖರದ ಅರ್ಧಕ್ಕಿಂತ ಮೇಲಿರುವ ಹೊತ್ತು. ಟಿ 0.1 ಅಂದರೆ ಹತ್ತನೇ ಒಂದು ಭಾಗಕ್ಕಿಂತ ಮೇಲಿರುವ ಹೊತ್ತು, ಮಿಂಚು ಆರುತ್ತಾ ಹೋಗುವಾಗಿನ ಬಾಲದ ಬೆಳಕೂ ಅದರಲ್ಲಿ ಸೇರುತ್ತದೆ. ಫೋಟೊದಲ್ಲಿ ಮಸುಕು ತರುವುದು ಆ ಬಾಲವೇ. ಹಳೆಯ ಬಗೆಯ ಲೈಟುಗಳಲ್ಲಿ ಟಿ 0.1 ಸುಮಾರು ಮೂರು ಪಟ್ಟು ಉದ್ದ. ಡಬ್ಬದ ಮೇಲೆ ಟಿ 0.5 ಲೆಕ್ಕದಲ್ಲಿ 1/1500 ಅಂತಿದ್ದರೆ ನಿಜವಾಗಿ ಸಿಗುವುದು 1/500ರ ಕೆಲಸ.

ಸಂಖ್ಯೆಗಿಂತ ಗಟ್ಟಿ ಪರೀಕ್ಷೆ ಟೇಬಲ್ ಫ್ಯಾನ್. 40 ಸೆಂಟಿಮೀಟರಿನ ಸಾಧಾರಣ ಫ್ಯಾನು ಜೋರಾಗಿಟ್ಟಾಗ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ರೆಕ್ಕೆಯ ತುದಿ ಸೆಕೆಂಡಿಗೆ 27 ಮೀಟರ್ ಓಡುತ್ತದೆ, ಅಂದರೆ ನಮ್ಮ ಲೆಕ್ಕದ ಕೈಗಿಂತ ಐದು ಪಟ್ಟು ಜಾಸ್ತಿ. ಫ್ಯಾನ್ ನಿಲ್ಲಿಸಿ ಒಂದು ರೆಕ್ಕೆಯ ತುದಿಗೆ ತೆಳು ಬಿಳಿ ಟೇಪ್ ಅಂಟಿಸಿ, ಜಾಲರಿ ಮತ್ತೆ ಹಾಕಿ, ಕತ್ತಲಲ್ಲಿ ಒಂದೊಂದೇ ಪವರ್‌ಗೆ ಫೋಟೊ ತೆಗೆಯಿರಿ. ಟೇಪು ಎಷ್ಟು ಅಗಲ ಎಳೆದುಕೊಂಡಿದೆ ನೋಡಿ. 5 ಮಿಲಿಮೀಟರ್ ಎಳೆದಿದ್ದರೆ ಕೈಯಲ್ಲಿ ಅದು ಒಂದೇ ಮಿಲಿಮೀಟರ್ ಆಗುತ್ತದೆ. ಯಾವ ಪವರ್‌ನಲ್ಲಿ ಟೇಪ್ ಚೆನ್ನಾಗಿ ನಿಂತಿತೋ ಅದನ್ನು ಲೈಟಿನ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ. ಅರ್ಧ ಗಂಟೆಯ ಕೆಲಸ, ಮುಂದೆ ಯಾವತ್ತೂ ಅನುಮಾನ ಇರುವುದಿಲ್ಲ.

ಹೈ ಸ್ಪೀಡ್ ಸಿಂಕ್ (1/250 ದಾಟಿಯೂ ಫ್ಲ್ಯಾಶ್ ಬಳಸುವ ಮೋಡ್) ಹಾಕಿದರೆ ಆಗುತ್ತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಫ್ಲ್ಯಾಶ್ ಒಂದೇ ಸಲ ಮಿಂಚುವುದಿಲ್ಲ, ಶಟರ್ ಸಂದು ಸರಿಯುವಷ್ಟು ಹೊತ್ತೂ ಪಟಪಟನೆ ಉರಿಯುತ್ತಿರುತ್ತದೆ. ಬೆಳಕು ತೀರಾ ಕಡಿಮೆಯಾಗುತ್ತದೆ. ಹೊರಗಡೆ ಬಿಸಿಲಲ್ಲಿ ಅದಕ್ಕೆ ಕೆಲಸವಿದೆ. ಕತ್ತಲು ಕೋಣೆಯಲ್ಲಿ ಬೇಡ.

ಲೈಟು ದೂರ ಇಡಿ

ಕೂತವರ ಪೋರ್ಟ್ರೇಟ್‌ಗೆ ಸಾಫ್ಟ್‌ಬಾಕ್ಸನ್ನು (ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಮುಖದ ಹತ್ತಿರ ತರುತ್ತೇವೆ. ಕುಣಿಯುವವರಿಗೆ ಹಾಗೆ ಮಾಡಿದರೆ ಕೆಡುತ್ತದೆ. ಲೈಟು ಒಂದೂವರೆ ಮೀಟರ್ ದೂರದಲ್ಲಿದ್ದು ಅವಳು ಅರ್ಧ ಮೀಟರ್ ಹಿಂದೆ ಸರಿದರೆ ಮುಖದ ಬೆಳಕು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಲೈಟು ಮೂರು ಮೀಟರ್ ದೂರದಲ್ಲಿದ್ದರೆ ಅದೇ ಅರ್ಧ ಮೀಟರಿಗೆ ಇಳಿಯುವುದು ಕಾಲು ಭಾಗ ಮಾತ್ರ. ಅದನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು.

ದೂರ ಹೋದಷ್ಟೂ ಬೆಳಕು ಗಡುಸಾಗುತ್ತದೆ. ಅದಕ್ಕೆ ದೊಡ್ಡ ಸಾಫ್ಟ್‌ಬಾಕ್ಸ್ ಬೇಕು. ನನ್ನದು 120 ಸೆಂಟಿಮೀಟರಿನ, ಎಂಟು ಮೂಲೆಯ ಆಕ್ಟಾ. ಅವಳ ಎದುರಿಗೆ ಸ್ವಲ್ಪ ಬಲಕ್ಕೆ, ತಲೆಗಿಂತ ಎರಡಡಿ ಎತ್ತರ, ಮೂರು ಮೀಟರ್ ದೂರ. ನೆಲಕ್ಕೆ ಟೇಪಿನಿಂದ ಗುಣಿಸು ಗುರುತು ಹಾಕಿ. ಅವಳ ಜಾಗ ಅದು.

ಎರಡನೇ ಲೈಟು ಚಲನೆಯನ್ನು ತೋರಿಸುವ ಲೈಟು. ಅದನ್ನು ಅವಳ ಹಿಂದೆ ಎಡಬದಿಗೆ, ಕ್ಯಾಮೆರಾಗೆ ಕಾಣದ ಹಾಗೆ ಇಡಿ. ಉದ್ದನೆಯ ಸ್ಟ್ರಿಪ್‌ಬಾಕ್ಸ್ ಇದ್ದರೆ ಒಳ್ಳೆಯದು. ಮುಂದಿನಿಂದ ಬಿದ್ದ ಬೆಳಕಿಗೆ ಕಪ್ಪು ಜಡೆ ಕಪ್ಪು ಪರದೆಯೊಳಗೆ ಮುಳುಗಿಹೋಗುತ್ತದೆ. ಹಿಂದಿನಿಂದ ಬಿದ್ದರೆ ಜಡೆಯ ಅಂಚಿನಲ್ಲಿ ಬೆಳ್ಳಿ ಗೆರೆ ಏಳುತ್ತದೆ, ಕುಚ್ಚಿನ ಒಂದೊಂದು ಎಳೆಯೂ ಬೇರೆಯಾಗಿ ಕಾಣುತ್ತದೆ, ತೆಳು ದುಪಟ್ಟಾ ಒಳಗಿನಿಂದ ಬೆಳಗುತ್ತದೆ. ಈ ಒಂದು ಲೈಟಿಗೆ ನೀವು ಎಷ್ಟು ಸಮಯ ಕೊಟ್ಟರೂ ಜಾಸ್ತಿಯಲ್ಲ. ಅದೂ ಚುರುಕಿನ ಲೈಟೇ ಆಗಿರಲಿ. ಮುಂದಿನದು ಚುರುಕು, ಹಿಂದಿನದು ನಿಧಾನ ಆದರೆ ಮುಖ ಚೂಪು, ಜಡೆ ಮಸುಕು ಬರುತ್ತದೆ.

ಬಲ ಅಥವಾ ಎಡಗೆನ್ನೆ ತೀರಾ ಕತ್ತಲಾದರೆ ಮೂರನೇ ಲೈಟು ಹುಡುಕಬೇಡಿ. ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಲೈಟ್ ಸ್ಟ್ಯಾಂಡ್‌ಗಳ ಕಾಲಿಗೆ ಮರಳು ಚೀಲ ಇಡಿ, ವೈರುಗಳನ್ನು ನೆಲಕ್ಕೆ ಟೇಪ್ ಹಚ್ಚಿ ಅಂಟಿಸಿ. ತಿರುಗುವವರಿಗೆ ಕಾಲಡಿ ನೋಡಲು ಪುರುಸೊತ್ತಿರುವುದಿಲ್ಲ.

ಫೋಕಸ್ ವಿಷಯ ಬೇಗ ಮುಗಿಸುತ್ತೇನೆ. 85 ಎಂಎಂ ಲೆನ್ಸು, ಫುಲ್ ಫ್ರೇಮ್ ಕ್ಯಾಮೆರಾ, 4 ಮೀಟರ್ ದೂರ, ಎಫ್/8 ಇದ್ದರೆ ಸುಮಾರು ಒಂದು ಮೀಟರ್ ಆಳ ಚೂಪಾಗಿರುತ್ತದೆ. ಅವಳನ್ನು ಗುರುತಿನ ಮೇಲೆ ನಿಲ್ಲಿಸಿ ಕಣ್ಣಿಗೆ ಫೋಕಸ್ ಮಾಡಿ, ನಂತರ ಮ್ಯಾನ್ಯುಯಲ್‌ಗೆ ತಿರುಗಿಸಿ ಹಾಗೇ ಬಿಡಿ. ಎಫ್/2.8ರಲ್ಲಿ ತೆಗೆಯುವ ಆಸೆ ಬಿಡಿ. ಪವರ್ ಇಳಿಸಿದ್ದರಿಂದ ಬೆಳಕು ಕಡಿಮೆಯಾದರೆ ಐಎಸ್‌ಒ 800ಕ್ಕೆ ಏರಿಸಿ. ಪ್ರಿಂಟಿನಲ್ಲಿ ಸ್ವಲ್ಪ ಗ್ರೇನ್ ಬಂದರೆ ಯಾರಿಗೂ ಬೇಸರವಾಗುವುದಿಲ್ಲ, ಬೆರಳು ಮಸುಕಾದರೆ ಆಗುತ್ತದೆ.

ಕಣ್ಣಿಗಿಂತ ಕಿವಿ ಮುಖ್ಯ

ಕಣ್ಣಿಗೆ ಕಂಡ ಮೇಲೆ ಬಟನ್ ಒತ್ತಿದರೆ ಆ ಕ್ಷಣ ಹೋಗಿರುತ್ತದೆ. ಹೀಗಾಗಿ ಕುಣಿತದ ಫೋಟೊವನ್ನು ಕೇಳಿಸಿಕೊಂಡು ತೆಗೆಯಬೇಕು. ಸಾಧ್ಯವಾದರೆ ಅವಳ ಗುರುಗಳನ್ನೂ ಸ್ಟುಡಿಯೊಗೆ ಕರೆಸಿ. ಅವರು ತಾಳ ಹಾಕುವ ತಟ್ಟುಕೋಲು ಹಿಡಿದು ಸೊಲ್ಲುಕಟ್ಟು, ಅಂದರೆ ಕುಣಿತದ ತಾಳದ ಸೊಲ್ಲುಗಳನ್ನು ಹೇಳಲಿ. ಎರಡು ಸಲ ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡಿ.

ಹಾಗೆ ಒಂದು ದಿನ ನೋಡುತ್ತಿದ್ದಾಗ ನನಗೊಂದು ಗೊತ್ತಾಯಿತು. ಆ ಸೊಲ್ಲುಗಳ ಸರಣಿ, ಅಂದರೆ ಜತಿ, "ತಧಿಂಗಿಣತೋಂ" ಅಂತ ಮುಗಿಯುವಾಗ "ತೋಂ"ಗೆ ಕಾಲು ಬಿದ್ದು ದೇಹ ನಿಲ್ಲುತ್ತದೆ. ನಾನು ಅಲ್ಲಿಯವರೆಗೆ ಒತ್ತುತ್ತಿದ್ದದ್ದು ಆ "ತೋಂ"ಗೆ. ಬರುತ್ತಿದ್ದದ್ದು ಮತ್ತೆ ಅದೇ ನಿಂತ ಫೋಟೊ. "ಣ" ಅನ್ನುವಾಗ ಒತ್ತಿ ನೋಡಿದೆ. ಕೈ ತನ್ನ ಜಾಗಕ್ಕೆ ಬರುತ್ತಿದೆ, ಸೊಂಟ ತಿರುಗಿ ಮುಗಿದಿಲ್ಲ, ಜಡೆ ಇನ್ನೂ ಗಾಳಿಯಲ್ಲಿದೆ, ಮುಖ ಮಾತ್ರ ಆಗಲೇ ನಮ್ಮ ಕಡೆ ಬಂದಿದೆ. ಗುರುಗಳಿಗೆ ತೋರಿಸಿದೆ. "ಹ್ಞಾ, ಇದು ನೋಡಿ ಸರ್, ಇದು ಕುಣೀತಾ ಇರೋದು" ಅಂದರು.

ಜಿಗಿತಕ್ಕೆ ಲೆಕ್ಕ ಬೇರೆ. 45 ಸೆಂಟಿಮೀಟರ್ ಎತ್ತರ ಹಾರಿದವರು ಗಾಳಿಯಲ್ಲಿರುವುದು ಸುಮಾರು 0.6 ಸೆಕೆಂಡ್. ಅದರಲ್ಲಿ ಅರ್ಧ ಹೊತ್ತು ಮೇಲಿನ ಕಾಲು ಭಾಗದಲ್ಲೇ, ಅಂದರೆ ತುದಿಯ 11 ಸೆಂಟಿಮೀಟರಿನೊಳಗೆ ಕಳೆಯುತ್ತದೆ. ಜಿಗಿತದ ತುದಿ ಮುಟ್ಟಿದಾಗ ದೇಹ ಒಂದು ಕ್ಷಣ ತೇಲುತ್ತದೆ. ಅಲ್ಲಿ ನಿಧಾನದ ಫ್ಲ್ಯಾಶ್ ಕೂಡ ಸಾಕಾಗುತ್ತದೆ. ಆದರೆ ಕೂದಲು, ದುಪಟ್ಟಾ ದೇಹದ ಹಿಂದೆ ತಡವಾಗಿ ಬರುತ್ತವೆ. ದೇಹ ಇಳಿಯಲು ಶುರುವಾದಾಗ ಅವು ಇನ್ನೂ ಮೇಲೇರುತ್ತಿರುತ್ತವೆ. ಆ ತುದಿಯಿಂದ ಕೂದಲೆಳೆಯಷ್ಟು ತಡವಾಗಿ ಒತ್ತಿದ ಫ್ರೇಮ್‌ಗಳೇ ನನಗೆ ಯಾವಾಗಲೂ ಇಷ್ಟ.

ಗ್ರಾನೈಟ್ ಅಥವಾ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಹತ್ತಿಪ್ಪತ್ತು ಸಲ ಹಾರಿಸಬೇಡಿ. ಮಂಡಿ ಅವರದು, ಮುಂದೆ ಎರಡೂವರೆ ಗಂಟೆಯ ಕಾರ್ಯಕ್ರಮ ಇರುವುದು ಅವರಿಗೆ. ತೆಳು ರಬ್ಬರ್ ಮ್ಯಾಟ್ ಹಾಸಿ, ಮೊದಲು ಮೈ ಬಿಸಿ ಮಾಡಿಕೊಳ್ಳಲು ಬಿಡಿ, ಐದು ಸಲಕ್ಕೊಮ್ಮೆ ನೀರು ಕೊಟ್ಟು ಕೂರಿಸಿ. ಫ್ಲ್ಯಾಶ್ ಚಾರ್ಜ್ ಆಗಲು ಬೇಕಾದ ಹೊತ್ತನ್ನೂ ಅವಳಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಅವಳ ಎಲ್ಲಕ್ಕಿಂತ ಒಳ್ಳೆಯ ಜಿಗಿತಕ್ಕೆ ಲೈಟು ಉರಿಯದೆ ಹೋಗುತ್ತದೆ.

ಈಗ ಹರಿಯಲು ಬಿಡೋಣ

ಇದುವರೆಗೆ ಹೇಳಿದ್ದು ನಿಲ್ಲಿಸುವ ಬಗೆ. ಇನ್ನೊಂದು ಬಗೆ ಇದೆ, ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಮುಖ ನಿಂತಿರುತ್ತದೆ, ಬಟ್ಟೆ ಹೊಗೆಯ ಹಾಗೆ ಹರಿಯುತ್ತದೆ. ಇದಕ್ಕೆ ಫ್ಲ್ಯಾಶ್ ಜೊತೆ ಸದಾ ಉರಿಯುವ ಒಂದು ಲೈಟು ಬೇಕು.

ಹೊಲಿಸಿದ ಭರತನಾಟ್ಯದ ಉಡುಪು ಮೈಗೆ ಬಿಗಿಯಾಗಿರುತ್ತದೆ, ಹರಿಯುವುದಿಲ್ಲ. ರೇಷ್ಮೆ ಸೆರಗು ಭಾರ, ಬೇಗ ಬೀಳುತ್ತದೆ. ಶಿಫಾನ್ ಅಥವಾ ಜಾರ್ಜೆಟ್ ದುಪಟ್ಟಾ ತರಲು ಹೇಳಿ. ಕಥಕ್ ಮಾಡುವವರ ಅಗಲ ಘೇರಿನ ಅಂಗರಖಾ ಇದ್ದರಂತೂ ಕೇಳುವುದೇ ಬೇಡ.

ಹಿಂದಿನ ಪರದೆ ಕಪ್ಪೇ ಇರಬೇಕು. ಬಿಳಿ ಪರದೆ ಇದ್ದರೆ ಅವಳು ಸರಿದ ಜಾಗದಲ್ಲಿ ಪರದೆಯ ಬೆಳಕು ಬಂದು ಕೂತು, ಕೆನ್ನೆಯೊಳಗಿಂದ ಗೋಡೆ ಕಾಣಿಸುತ್ತದೆ. 500 ವಾಟಿನ ಹ್ಯಾಲೊಜೆನನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಎರಡು ಮೀಟರ್ ದೂರದಲ್ಲಿಡಿ. ಅದರ ಬೆಳಕು ಬಟ್ಟೆಗೆ ಬೀಳಲಿ, ಮುಖಕ್ಕೆ ಬೀಳದ ಹಾಗೆ ಒಂದು ಕಪ್ಪು ರಟ್ಟು ಅಡ್ಡ ಹಿಡಿಯಿರಿ. ಗಾಜು ಸುಡುವಷ್ಟು ಕಾಯುತ್ತದೆ, ದುಪಟ್ಟಾ ಅದಕ್ಕೆ ತಾಗದಷ್ಟು ಜಾಗ ಬಿಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ. ಐಎಸ್‌ಒ 100, ಎಫ್/11, ಅರ್ಧ ಸೆಕೆಂಡ್. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು ಬಟ್ಟೆಯ ಹರಿವು ನೋಡಿ. ಸಾಲದಿದ್ದರೆ ಶಟರ್ ಇನ್ನೂ ನಿಧಾನ ಮಾಡಿ, ತೀರಾ ಕದಡಿದರೆ 1/4ಕ್ಕೆ ತನ್ನಿ. ಹರಿವು ಸರಿಯಾದ ಮೇಲೆ ಫ್ಲ್ಯಾಶ್ ಆನ್ ಮಾಡಿ ಮುಖದ ಬೆಳಕು ಹೊಂದಿಸಿ.

ಫ್ಲ್ಯಾಶ್ ಯಾವಾಗ ಮಿಂಚಬೇಕು ಅನ್ನುವುದು ಇಲ್ಲಿ ಮುಖ್ಯ. ರೇರ್ ಕರ್ಟನ್ ಹಾಕಿದರೆ ಶಟರ್ ಮುಚ್ಚುವ ಮುಂಚೆ ಮಿಂಚುತ್ತದೆ. ಹರಿವು ಮೊದಲು, ಮುಖ ಕೊನೆಗೆ. ಬಟ್ಟೆ ಅವಳ ಹಿಂದೆ ಬಾಲದಂತೆ ಉಳಿಯುತ್ತದೆ. ಫ್ರಂಟ್ ಕರ್ಟನ್‌ನಲ್ಲಿ ಶಟರ್ ತೆರೆದ ಕೂಡಲೇ ಮಿಂಚುತ್ತದೆ; ಅವಳು ಬಲಕ್ಕೆ ಸರಿದರೆ ಹರಿವು ಬಲಕ್ಕೇ, ಅವಳ ಮುಂದೆ ಬಂದು, ಹಿಂದಕ್ಕೆ ಓಡಿದ ಹಾಗೆ ಕಾಣುತ್ತದೆ. ಕೆಲವು ಕ್ಯಾಮೆರಾ ಮತ್ತು ಟ್ರಿಗರ್ ಜೋಡಿಗೆ ರೇರ್ ಕರ್ಟನ್ ಬರುವುದಿಲ್ಲ. ಆಗ ಅವಳಿಗೆ ಹೀಗೆ ಹೇಳಿ: "ಮೊದಲು ನನ್ನನ್ನು ನೋಡಿ ನಿಂತ್ಕೊಳ್ಳಮ್ಮಾ, ಲೈಟು ಮಿಂಚಿದ ಕೂಡಲೇ ದುಪಟ್ಟಾ ಬೀಸು, ಮುಖ ಅಲ್ಲೇ ಇರಲಿ." ನಾಲ್ಕೈದು ಸಲಕ್ಕೆ ಕೈ ಕುದುರುತ್ತದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹ್ಯಾಲೊಜೆನ್ ಬೆಳಕು ಸುಮಾರು 3200 ಕೆಲ್ವಿನ್, ಫ್ಲ್ಯಾಶ್ 5500ರ ಆಸುಪಾಸು. ಹಾಗಾಗಿ ಮುಖ ಸಹಜ ಬಣ್ಣದಲ್ಲಿ, ಬಟ್ಟೆಯ ಹರಿವು ದೀಪದ ಕುಡಿಯ ಬಣ್ಣದಲ್ಲಿ ಬರುತ್ತದೆ. ಇದನ್ನು ತಪ್ಪು ಅಂದುಕೊಂಡು ತಿದ್ದಲು ಹೋಗಬೇಡಿ. ತೀರಾ ಬೇಡ ಅನ್ನಿಸಿದರೆ ಫ್ಲ್ಯಾಶ್‌ಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಹಾಕಿ ಎರಡನ್ನೂ ಒಂದು ಮಾಡಬಹುದು.

ಹ್ಯಾಲೊಜೆನ್ ಬದಲು ಅಗ್ಗದ ಎಲ್‌ಇಡಿ ಇಟ್ಟವರಿಗೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಅದರ ತಾಳಕ್ಕೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ 1/4 ಸೆಕೆಂಡಿನಲ್ಲಿ ಜುಮುಕಿಯ ಹೊಳಪು ಎಳೆದ ಗೆರೆಯನ್ನು ಹತ್ತಿರದಿಂದ ನೋಡಿ: ಅದು ಗೆರೆಯಲ್ಲ, ಸಾಲಾಗಿ ಇಟ್ಟ 25 ಚುಕ್ಕಿ. ಒಮ್ಮೊಮ್ಮೆ ಅದೇ ಚೆಂದ ಅನ್ನಿಸಬಹುದು. ಗೆರೆಯೇ ಬೇಕಿದ್ದರೆ ಮಿಣುಕದ ಎಲ್‌ಇಡಿ ಕೊಳ್ಳಿ, ಇಲ್ಲವೇ ಹ್ಯಾಲೊಜೆನ್ನೇ ಇರಲಿ.

ಒಂದೇ ಫ್ರೇಮಿನಲ್ಲಿ ಆರು ಕೈ

ಸ್ಪೀಡ್‌ಲೈಟುಗಳಲ್ಲಿ ಮಲ್ಟಿ ಅಂತ ಒಂದು ಮೋಡ್ ಇರುತ್ತದೆ. ಶಟರ್ ತೆರೆದಿರುವಾಗಲೇ ಹಲವು ಸಲ ಮಿಂಚುತ್ತದೆ. ಎಡ್ಗರ್ಟನ್ ಜೊತೆ ಕೆಲಸ ಕಲಿತ ಛಾಯಾಗ್ರಾಹಕ ಜಾನ್ ಮಿಲಿ ಕುಣಿಯುವವರನ್ನು ಹೀಗೆ ಒಂದರ ಮೇಲೊಂದು ಹಿಡಿದು ಹೆಸರಾದರು. ಲೆಕ್ಕ ಸುಲಭ: 6 ಮಿಂಚು, ಸೆಕೆಂಡಿಗೆ 3ರಂತೆ ಬೇಕಿದ್ದರೆ ಶಟರ್ 2 ಸೆಕೆಂಡ್. ಪವರ್ 1/32. ಹಿಂದೆ ಕಡುಗಪ್ಪು ಪರದೆ. ಮುಖ ಅಲ್ಲಾಡದೆ ಕೈ ಮಾತ್ರ ಬಿಚ್ಚಿಕೊಳ್ಳುವ ಚಲನೆ ಆರಿಸಿ. ಮುಖ ಸರಿದರೆ ಆರು ಮುಖ ಒಂದರ ಮೇಲೊಂದು ಬಿದ್ದು ಯಾರೆಂದು ಗೊತ್ತಾಗುವುದಿಲ್ಲ. ಒಂದು ಸೂಚನೆ: ಮಿಣುಕುವ ಬೆಳಕಿನಿಂದ ಫಿಟ್ಸ್ ಬರುವವರಿರುತ್ತಾರೆ. ಮೊದಲೇ ಕೇಳಿ, ಅನುಮಾನವಿದ್ದರೆ ಈ ಬಗೆಯನ್ನು ಬಿಟ್ಟುಬಿಡಿ.

ಆರಿಸುವಾಗ

ಒಂದು ಮಧ್ಯಾಹ್ನಕ್ಕೆ ಇನ್ನೂರು ಫ್ರೇಮ್ ಆಗುತ್ತವೆ. ಮೊದಲು ಕಣ್ಣು ಮುಚ್ಚಿದವು, ಜಡೆ ಮುಖಕ್ಕೆ ಅಡ್ಡ ಬಂದವು ಹೋಗಲಿ. ಆಮೇಲೆ ಬೆರಳ ತುದಿಗಳನ್ನು ದೊಡ್ಡದು ಮಾಡಿ ನೋಡಿ. ಉಳಿದ ಹತ್ತನ್ನು ಪ್ರೆಸ್ಸಿಗೆ ಕಳಿಸುವ ಮುಂಚೆ ಗುರುಗಳ ಮುಂದಿಡಿ. ಫೋಟೊ ನಮ್ಮದಾದರೂ ಅದರೊಳಗಿನ ಕುಣಿತ ಅವರದು.

ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಒಂದು ಫ್ರೇಮನ್ನು ಆವತ್ತು ಗುರುಗಳು ಬೇಡ ಅಂದರು. ಬೆಳಕು, ಜಡೆ, ನಗು ಎಲ್ಲ ಕೂಡಿ ಬಂದಿತ್ತು. ಅವರು ಪರದೆಯ ಮೇಲೆ ಎಡಗೈಗೆ ಬೆರಳಿಟ್ಟು ತೋರಿಸಿದರು. ಕಟಕಾಮುಖ ಮುದ್ರೆ ಬಿಚ್ಚಿಹೋಗಿತ್ತು. ಹುಡುಗಿ ಗುರುಗಳಿಗೆ ಮೆಲ್ಲಗೆ "ಇನ್ನೊಂದ್ಸಲ ಮಾಡ್ತೀನಿ ಅಕ್ಕ" ಅಂತ ಎದ್ದು ಗುರುತಿನ ಮೇಲೆ ಹೋಗಿ ನಿಂತಳು. ಗುರುಗಳು ತಟ್ಟುಕೋಲು ಎತ್ತಿಕೊಂಡರು. ನಾನು ಲೈಟುಗಳನ್ನು ಮತ್ತೆ ಆನ್ ಮಾಡಿದೆ.